ಪಟ್ಟಿಯಲ್ಲಿ ಹೆಸರಿಲ್ಲದವರು: ಸಾರ್ವತ್ರಿಕ ಮೂಲ ಆದಾಯದ ಕುರಿತು ಒಂದು ವಿಮರ್ಶೆ



2020ರ ಏಪ್ರಿಲ್ ತಿಂಗಳು. ದೇಶವೆಲ್ಲ ಬಾಗಿಲು ಹಾಕಿಕೊಂಡು ಕುಳಿತಿತ್ತು. ನಾನು ಆಗ ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರಕ್ಕೆ ಉಪಕಾರಿಗಳ ಕೃಪೆಯಿಂದ ನೂರಿಪ್ಪತ್ತು ಕುಟುಂಬಗಳಿಗೆ ಆಗುವಷ್ಟು ದಿನಸಿ ಬಂದಿತ್ತು. ಅಕ್ಕಿ, ತೊಗರಿಬೇಳೆ, ಎಣ್ಣೆ, ಎರಡು ಸೋಪು. ಕೇಳಿ ಬಂದವರು ಮುನ್ನೂರಕ್ಕೂ ಹೆಚ್ಚು ಮಂದಿ. ಇದ್ದುದನ್ನು ಅರ್ಹರಿಗೇ ಮುಟ್ಟಿಸಬೇಕೆಂಬ ಸದುದ್ದೇಶದಿಂದ ನಾನೇ ಒಂದು ನೋಟುಪುಸ್ತಕ ಹಿಡಿದು ಕೇರಿ ಕೇರಿ ತಿರುಗಿದೆ. ವಿಧವೆಯೇ? ಬರೆದುಕೊಂಡೆ. ಹೆಂಚಿನ ಮನೆಯೇ, ತಗಡಿನ ಮನೆಯೇ? ನೋಡಿದೆ. ಒಂದು ಮನೆಯ ಬಾಗಿಲಲ್ಲಿ ಬೈಕು ನಿಂತಿತ್ತು. ಆ ಹೆಸರಿನ ಮೇಲೆ ಗೀಟು ಎಳೆದೆ. ಬೈಕು ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದ ಮಗನದು, ಅದರ ಕಂತು ಇನ್ನೂ ಬಾಕಿ, ಆ ಮನೆಯಲ್ಲಿ ನಾಲ್ಕು ದಿನಗಳಿಂದ ಬರೀ ಗಂಜಿ ಎಂಬುದು ನನಗೆ ತಿಳಿದದ್ದು ವಿತರಣೆ ಮುಗಿದ ಮೇಲೆ. ಆ ಮನೆಯ ಅಜ್ಜಿ ಜಗಳಕ್ಕೆ ಬರಲಿಲ್ಲ. ದಾರಿಯಲ್ಲಿ ಸಿಕ್ಕಾಗ ಇಷ್ಟೇ ಹೇಳಿದಳು: "ಫಾದರ್, ಬಾಗಿಲಾಗ ನಿಂತ ಗಾಡಿ ನೋಡಿದ್ರಿ. ಒಳಗ ಬಂದು ಗಡಿಗಿ ನೋಡಬೇಕಿತ್ರೀ."

ಆ ಮಾತು ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ. ಬಡವನನ್ನು ಗುರುತಿಸುವ ಅಧಿಕಾರ ಯಾರದು? ಗುರುತಿಸುವಾಗ ಆಗುವ ತಪ್ಪಿಗೆ ಯಾರು ಹೊಣೆ? ಗುರುತಿಸುವ ಗೋಜೇ ಬೇಡ, ಎಲ್ಲರಿಗೂ ಕೊಟ್ಟುಬಿಡಿ ಎನ್ನುವ ಒಂದು ವಿಚಾರ ಲೋಕದಲ್ಲಿ ಬಹುಕಾಲದಿಂದ ಇದೆ. ಅದರ ಹೆಸರು ಸಾರ್ವತ್ರಿಕ ಮೂಲ ಆದಾಯ. ಬಡವ-ಬಲ್ಲಿದ, ದುಡಿಯುವವ-ದುಡಿಯದವ ಎಂಬ ಭೇದವಿಲ್ಲದೆ ಪ್ರತಿಯೊಬ್ಬ ವ್ಯಕ್ತಿಗೂ ಸರಕಾರವು ನಿಯಮಿತವಾಗಿ, ಷರತ್ತಿಲ್ಲದೆ, ನಗದು ರೂಪದಲ್ಲಿ ಒಂದಿಷ್ಟು ಹಣ ಕೊಡಬೇಕು ಎಂಬುದು ಅದರ ತಿರುಳು. ಈ ವಿಚಾರವನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನೆಲದ ಮೇಲೆ ನಿಂತು ತೂಗಿ ನೋಡುವುದು ಈ ಬರಹದ ಉದ್ದೇಶ. ಹೆಲ್ಸಿಂಕಿಯಲ್ಲೋ ದೆಹಲಿಯಲ್ಲೋ ಕುಳಿತು ತೂಗಿದರೆ ತಕ್ಕಡಿ ಬೇರೆ ರೀತಿ ವಾಲಬಹುದು.

ನಮ್ಮ ದೇಶದಲ್ಲಿ ಈ ವಿಚಾರಕ್ಕೆ ಅಧಿಕೃತ ಮಾನ್ಯತೆ ದೊರೆತದ್ದು 2017ರ ಜನವರಿಯಲ್ಲಿ ಸಂಸತ್ತಿನ ಮುಂದಿಟ್ಟ 2016-17ರ ಆರ್ಥಿಕ ಸಮೀಕ್ಷೆಯಲ್ಲಿ. ಅಂದಿನ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ಅವರ ನೇತೃತ್ವದಲ್ಲಿ ಸಿದ್ಧವಾದ ಆ ಸಮೀಕ್ಷೆಯ ಒಂಬತ್ತನೆಯ ಅಧ್ಯಾಯ ಪೂರ್ತಿಯಾಗಿ ಇದಕ್ಕೇ ಮೀಸಲು. ಅದನ್ನು ಮಹಾತ್ಮನೊಡನೆ ನಡೆಸಿದ ಸಂವಾದವೆಂದು ಲೇಖಕರು ಕರೆದುಕೊಂಡಿದ್ದಾರೆ. ಸರಕಾರಿ ದಸ್ತಾವೇಜುಗಳ ನಡುವೆ ಅಷ್ಟು ಸೊಗಸಾದ ಗದ್ಯ ಅಪರೂಪ. ಕೇಂದ್ರ ಸರಕಾರದ ಸುಮಾರು 950 ಯೋಜನೆಗಳು ದೇಶದ ಒಟ್ಟು ಉತ್ಪನ್ನದ ಶೇಕಡ 5ರಷ್ಟನ್ನು ನುಂಗುತ್ತಿವೆ, ಆದರೂ ಅತಿ ಬಡವರಿರುವ ಜಿಲ್ಲೆಗಳಿಗೇ ಹಣ ಕಡಿಮೆ ಹೋಗುತ್ತಿದೆ ಎಂದು ಅದು ಅಂಕಿ ಸಹಿತ ತೋರಿಸುತ್ತದೆ. ಅದರ ಲೆಕ್ಕದಲ್ಲಿ, ಮೇಲಿನ ಕಾಲುಭಾಗವನ್ನು ಬಿಟ್ಟು ಉಳಿದ ಶೇಕಡ 75ರಷ್ಟು ಜನರಿಗೆ ವರ್ಷಕ್ಕೆ ತಲಾ 7,620 ರೂಪಾಯಿ ಕೊಡಬಹುದು, ವೆಚ್ಚ ಒಟ್ಟು ಉತ್ಪನ್ನದ ಶೇಕಡ 4.9.

ಇಲ್ಲಿ ಎರಡು ಮಾತು ಹೇಳಲೇಬೇಕು. ಕೊಡುವುದು ತಿಂಗಳಿಗೆ 635 ರೂಪಾಯಿ. ಅಂದಿನ ಉದ್ಯೋಗ ಖಾತರಿಯ ದಿನಗೂಲಿ ಕರ್ನಾಟಕದಲ್ಲಿ 224 ರೂಪಾಯಿ ಇತ್ತು, ಎಂದರೆ ಇದು ಮೂರು ದಿನದ ಕೂಲಿಗೂ ಕಡಿಮೆ. ಇಷ್ಟನ್ನು ಕೊಟ್ಟು ಉಳಿದ ಯೋಜನೆಗಳನ್ನು ಮಡಚಬೇಕು, ಹೊಸದನ್ನು ಹಳೆಯದರ ಮೇಲೆ ಪೇರಿಸಬಾರದು ಎಂಬುದು ಸಮೀಕ್ಷೆಯ ಒಲವು. ಇನ್ನೊಂದು, ಮಹಾತ್ಮರ ಒಪ್ಪಿಗೆಯ ಪ್ರಶ್ನೆ. ಬಹಳ ಅಳುಕಿನ ನಂತರ ಗಾಂಧೀಜಿ ಇದಕ್ಕೆ ಹೂಂಗುಟ್ಟುತ್ತಿದ್ದರೇನೋ ಎಂಬ ಧಾಟಿಯಲ್ಲಿ ಆ ಅಧ್ಯಾಯ ಮುಗಿಯುತ್ತದೆ. 1925ರಲ್ಲಿ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ, ಪ್ರಾಮಾಣಿಕವಾಗಿ ದುಡಿಯದ ಆರೋಗ್ಯವಂತನಿಗೆ ಪುಕ್ಕಟೆ ಊಟ ಹಾಕುವುದನ್ನು ತನ್ನ ಅಹಿಂಸೆ ಸಹಿಸದು ಎಂಬರ್ಥದಲ್ಲಿ ಬರೆದ ಗಾಂಧೀಜಿಯವರ ಹೂಂಕಾರವನ್ನು ಅವರು ತೀರಿಹೋದ ಸುಮಾರು 70 ವರ್ಷಗಳ ಮೇಲೆ ಅಷ್ಟು ಸಲೀಸಾಗಿ ಪಡೆದುಕೊಳ್ಳುವುದು ನನಗೆ ಸರಿಕಾಣಲಿಲ್ಲ. ಕೂಡ್ಲಿಗಿ ಪಟ್ಟಣದಲ್ಲಿ ಗಾಂಧೀಜಿಯವರ ಚಿತಾಭಸ್ಮವಿರುವ ಸ್ಮಾರಕವಿದೆ ಎಂಬುದನ್ನು ಓದುಗರಲ್ಲಿ ಹಲವರು ಬಲ್ಲಿರಿ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಈ ಅಧ್ಯಾಯದ ನೆನಪಾಗುತ್ತದೆ. ಅತ್ಯಂತ ಬಡವನ ಮುಖವನ್ನು ನೆನೆದು ಹೆಜ್ಜೆಯಿಡು ಎಂದವರೂ ಅವರೇ, ದುಡಿಯದವನಿಗೆ ಅನ್ನವಿಕ್ಕಬೇಡ ಎಂದವರೂ ಅವರೇ. ಸಂವಾದವೆಂದಾದರೆ ಆ ಎರಡೂ ಮಾತುಗಳಿಗೆ ಕಿವಿಗೊಡಬೇಕಿತ್ತು.

ದುಡಿಸಿಕೊಂಡೇ ಅನ್ನ ಕೊಡಬೇಕೆಂಬ ನೀತಿಗೆ ನಮ್ಮ ಈ ಸೀಮೆಯಲ್ಲಿ ಒಂದು ಕರಾಳ ಚರಿತ್ರೆಯಿದೆ. 1876ರಿಂದ 78ರವರೆಗಿನ ಧಾತು-ಈಶ್ವರ ಬರಗಾಲದ ಮಾತು ಇಂದಿಗೂ ಹಿರಿಯರ ಬಾಯಲ್ಲಿ ಉಳಿದಿದೆ. ಆಗ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಬರದ ಹೊಡೆತ ಅತಿ ಹೆಚ್ಚು ಬಿದ್ದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1877ರ ಆರಂಭದಲ್ಲಿ ವೈಸರಾಯ್ ಸರಕಾರದ ಪರವಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಮಣ್ಣು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಜೊತೆಗೆ ಪುಡಿಕಾಸು ಸಾಕೆಂದು ಕಟ್ಟಳೆ ಮಾಡಿದ. ಒಂದು ಪೌಂಡು ಎಂದರೆ ಅರ್ಧ ಕಿಲೋಗೂ ಕಡಿಮೆ. ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದ. ಸೋಮಾರಿಗಳು ನುಸುಳಬಾರದೆಂದು ದೂರದ ಪರೀಕ್ಷೆಯೂ ಇತ್ತು. ಮನೆಯ ಸಮೀಪದಲ್ಲಿ ಕೆಲಸ ಕೊಡಬಾರದು, ಹತ್ತು ಮೈಲಿ ನಡೆದು ಬಂದವನು ಮಾತ್ರ ನಿಜವಾಗಿ ಹಸಿದವನು ಎಂಬ ತರ್ಕ. ಹತ್ತು ಮೈಲಿ ನಡೆಯಲಾರದಷ್ಟು ಹಸಿದವನ ಗತಿ ಏನೆಂದು ಆ ತರ್ಕ ಕೇಳಲಿಲ್ಲ. 1871ರ ಮತ್ತು 1881ರ ಜನಗಣತಿಗಳ ನಡುವೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲಿನಷ್ಟು ಕುಸಿಯಿತು.

ನಾನು ಬೈಕು ನೋಡಿ ಗೀಟು ಎಳೆದದ್ದಕ್ಕೂ ಟೆಂಪಲ್ಲನ ಪರೀಕ್ಷೆಗೂ ಪ್ರಮಾಣದಲ್ಲಿ ಹೋಲಿಕೆಯಿಲ್ಲ ನಿಜ. ಆದರೆ ಎರಡರ ಬೇರೂ ಒಂದೇ. ಅನರ್ಹನಿಗೆ ಹೋಗಿಬಿಟ್ಟೀತೆಂಬ ಭಯ, ಅರ್ಹನಿಗೆ ತಪ್ಪೀತೆಂಬ ಭಯಕ್ಕಿಂತ ದೊಡ್ಡದಾಗಿತ್ತು.

ಈ ಭಯದ ಇಂದಿನ ರೂಪವನ್ನು ಕಾಣಲು ದೂರ ಹೋಗಬೇಕಿಲ್ಲ. ದೇವದಾಸಿ ಪದ್ಧತಿಗೆ ಬಲಿಯಾದ ತಾಯಂದಿರು ಈ ಐದು ತಾಲೂಕುಗಳಲ್ಲಿ ಬಹಳಷ್ಟು ಮಂದಿ ಇದ್ದಾರೆ. ಸಮರ್ಪಣೆಯನ್ನು ನಿಷೇಧಿಸಿ ಕರ್ನಾಟಕ 1982ರಲ್ಲೇ ಕಾನೂನು ಮಾಡಿತು. 1993-94ರಲ್ಲಿ ಒಮ್ಮೆ, 2007-08ರಲ್ಲಿ ಇನ್ನೊಮ್ಮೆ ಸಮೀಕ್ಷೆ ನಡೆದು, ರಾಜ್ಯದಲ್ಲಿ ಒಟ್ಟು 46,660 ಮಹಿಳೆಯರನ್ನು ಗುರುತಿಸಲಾಯಿತು. ಮಾಸಾಶನ ಆ ಪಟ್ಟಿಯಲ್ಲಿರುವವರಿಗೆ. ಅದು ಕೆಲವು ನೂರು ರೂಪಾಯಿಗಳಿಂದ ಶುರುವಾಗಿ 1,500ಕ್ಕೆ, ಬಳಿಕ 2,000ಕ್ಕೆ ಏರಿತು. ಆದರೆ ಸಮೀಕ್ಷೆಯವರು ಬಂದ ದಿನ ಗುಳೆ ಹೋಗಿದ್ದವಳ ಪಾಡೇನು? ಮಗಳ ಮದುವೆ ನಿಶ್ಚಯವಾಗಿತ್ತು, ಹೆಸರು ಬರೆಸಿದರೆ ಸಂಬಂಧ ಮುರಿದೀತೆಂದು ಬಾಯಿ ಮುಚ್ಚಿಕೊಂಡವಳ ಪಾಡೇನು? ಸಹಾಯ ಪಡೆಯಲು ತನ್ನ ಅವಮಾನವನ್ನೇ ಅರ್ಜಿಯಾಗಿ ಬರೆದು ಕೊಡಬೇಕಾದ ವ್ಯವಸ್ಥೆಯಿದು. 2025ರಲ್ಲಿ ವಿಧಾನಮಂಡಲ ಈ ಕುರಿತು ಹೊಸ ಕಾಯಿದೆಯನ್ನು ಅಂಗೀಕರಿಸಿತು, ಮರುಸಮೀಕ್ಷೆಯೂ ಆರಂಭವಾಯಿತು. ಒಳ್ಳೆಯದೇ. ಆದರೂ ಮರುಸಮೀಕ್ಷೆಯೆಂದರೆ ಮತ್ತೊಂದು ಪಟ್ಟಿ, ಮತ್ತೊಮ್ಮೆ ಅದೇ ಪ್ರಶ್ನೆಗಳು. ಸಾರ್ವತ್ರಿಕ ಮೂಲ ಆದಾಯದ ಪರವಾಗಿ ಪುಸ್ತಕಗಳಲ್ಲಿ ನೂರು ವಾದಗಳಿವೆ. ನನ್ನ ಮಟ್ಟಿಗೆ ಈ ಒಂದೇ ವಾದ ಉಳಿದವಕ್ಕಿಂತ ತೂಕದ್ದು: ಎಲ್ಲರಿಗೂ ಕೊಡುವಲ್ಲಿ ಯಾರೂ ತನ್ನ ಗಾಯವನ್ನು ಬಿಚ್ಚಿ ತೋರಿಸಬೇಕಿಲ್ಲ.

ಇನ್ನು ನಮ್ಮ ರಾಜ್ಯದಲ್ಲೇ ನಡೆದಿರುವ ಪ್ರಯೋಗಕ್ಕೆ ಬರೋಣ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿಯನ್ನು ಯಾರೂ ಮೂಲ ಆದಾಯವೆಂದು ಕರೆಯಲಿಲ್ಲ. ಆದರೂ ನಮ್ಮ ದೇಶದಲ್ಲಿ ಆ ಕಲ್ಪನೆಯ ಬಳಿಸಾರಿದ ದೊಡ್ಡ ಯೋಜನೆಗಳಲ್ಲಿ ಇದೂ ಒಂದು. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿಯೆಂದು ನಮೂದಾದ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ. ಬಿಪಿಎಲ್ ಮಾತ್ರವಲ್ಲ, ಎಪಿಎಲ್ ಚೀಟಿಯವರಿಗೂ ಉಂಟು. ಆಕೆಯೋ ಆಕೆಯ ಪತಿಯೋ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾಗಿದ್ದರೆ ಮಾತ್ರ ಇಲ್ಲ. ಹೀಗೆ ಸುಮಾರು 1.2 ಕೋಟಿ ಮಹಿಳೆಯರು ಅದರೊಳಗೆ ಬಂದರು. ಬಡವರನ್ನು ಹುಡುಕಿ ಸೇರಿಸುವ ಬದಲು ಉಳ್ಳವರನ್ನು ಹುಡುಕಿ ಬಿಡುವ ಈ ಕ್ರಮದಿಂದ ನನ್ನಂಥ ನೋಟುಪುಸ್ತಕದವರ ಕೆಲಸ ತಪ್ಪಿತು.

ನಾನು ಆರಂಭದಲ್ಲಿ ಇದರ ವಿರೋಧಿಯಾಗಿದ್ದೆ ಎಂಬುದನ್ನು ಮುಚ್ಚಿಡಲಾರೆ. ಒಂದು ಭಾನುವಾರದ ಪ್ರಬೋಧನೆಯಲ್ಲಿ, ಪುಕ್ಕಟೆ ಹಣ ಮನೆಯ ಬೆನ್ನೆಲುಬನ್ನು ಮುರಿಯುತ್ತದೆ ಎಂದು ಸಾಕಷ್ಟು ಜೋರಾಗಿಯೇ ನುಡಿದೆ. ಬಲಿಪೂಜೆ ಮುಗಿದ ಮೇಲೆ ಗಂಡಸರು ಮೆಚ್ಚಿ ಕೈಮುಗಿದರು. ಹೆಂಗಸರು ಏನೂ ಹೇಳದೆ ಹೊರಟುಹೋದರು. ಮೆಚ್ಚಿದವರು ಯಾರು, ಮೌನವಾಗಿದ್ದವರು ಯಾರು ಎಂದು ಗಮನಿಸುವಷ್ಟು ಬುದ್ಧಿ ಅಂದು ಇರಲಿಲ್ಲ. ಆ ಬಳಿಕ ಮನೆಗಳ ಭೇಟಿಗೆ ಹೋದಾಗ ಮೆಲ್ಲಮೆಲ್ಲನೆ ಕೇಳತೊಡಗಿದೆ. ಆ ಹಣ ಎಲ್ಲಿ ಹೋಗುತ್ತದೆ? ಬಿಪಿ-ಸಕ್ಕರೆ ಮಾತ್ರೆಗೆ. ಮೊಮ್ಮಗನ ಶಾಲೆಯ ವ್ಯಾನಿಗೆ. ಒಬ್ಬಾಕೆ ನಾಲ್ಕು ತಿಂಗಳು ಕೂಡಿಟ್ಟು ಒಂದು ಆಡು ತಂದಿದ್ದಳು. ಮತ್ತೊಬ್ಬಳು ನಕ್ಕು, "ಗಂಡನ ಮುಂದ ಕೈ ಒಡ್ಡೋದು ತಪ್ಪೇತ್ರಿ ಫಾದರ್, ಅಷ್ಟ ಸಾಕು" ಎಂದಳು. ಸಂಘದ ಕಂತಿಗೆ ಹೋಗುತ್ತದೆ ಎಂದವರು ಎಲ್ಲರಿಗಿಂತ ಹೆಚ್ಚು. ಕಿರುಸಾಲ ಕಂಪನಿಗಳ ವಾರದ ಕಂತು ನಮ್ಮ ಹಳ್ಳಿಗಳಲ್ಲಿ ಎಂಥ ಉರುಳಾಗಿತ್ತೆಂದರೆ, ಬಲವಂತದ ವಸೂಲಿಯನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ಸರಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಸರಕಾರ ಒಂದು ಕೈಯಿಂದ ಕೊಟ್ಟ 2,000 ಮರುದಿನವೇ ಸಾಲಿಗನ ಜೋಳಿಗೆಗೆ ಬೀಳುವುದಾದರೆ, ಇದನ್ನು ಮನೆಯಾಕೆಯ ಆದಾಯವೆನ್ನೋಣವೋ ಸಾಲಿಗನ ಆದಾಯವೆನ್ನೋಣವೋ? ಆದರೂ ಆ ಹಣವಿಲ್ಲದಿದ್ದರೆ ಅವಳು ಇನ್ನೊಂದು ಸಂಘದಿಂದ ಸಾಲ ಎತ್ತಿ ಈ ಸಂಘಕ್ಕೆ ಕಟ್ಟುತ್ತಿದ್ದಳು ಎಂಬುದೂ ಸತ್ಯ.

ಗೃಹಲಕ್ಷ್ಮಿ ಮೂಲ ಆದಾಯವಾಗಲು ಕೊರತೆಯೇನು ಎಂದರೆ, ಅದು ಮನೆಗೆ ಒಂದು, ವ್ಯಕ್ತಿಗೆ ಒಂದಲ್ಲ. ಅತ್ತೆ ಯಜಮಾನಿಯಾದ ಕಡೆ ಸೊಸೆಗೆ ಬಿಡಿಗಾಸಿಲ್ಲ. ಇನ್ನೊಂದು ದೊಡ್ಡ ದೋಷ, ಕಂತುಗಳು ಹೊತ್ತಿಗೆ ಸರಿಯಾಗಿ ಬಾರದಿರುವುದು. ಎರಡು ಮೂರು ತಿಂಗಳು ಏನೂ ಇಲ್ಲ, ಆಮೇಲೆ ಒಮ್ಮೆಗೇ ಬರುತ್ತದೆ. ಮೂಲ ಆದಾಯದ ಜೀವವೇ ಅದರ ನಿಶ್ಚಿತತೆ. ಐದನೆಯ ತಾರೀಖಿಗೆ ಬರುತ್ತದೆ ಎಂದಾದರೆ ಅದನ್ನು ನಂಬಿ ಮಗಳನ್ನು ಕಾಲೇಜಿಗೆ ಸೇರಿಸಬಹುದು. ಯಾವಾಗಲೋ ಬರುತ್ತದೆ ಎಂದಾದರೆ ಅದು ಲಾಟರಿ. ಹಡಗಲಿ ತಾಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಕಾರಣಿಕದ ಒಂದು ಸಾಲನ್ನು ಕೇಳಲು ಲಕ್ಷ ಜನ ಕಿವಿ ನಿಮಿರಿಸಿ ನಿಲ್ಲುತ್ತಾರಲ್ಲ, ಬ್ಯಾಂಕಿನ ಸಂದೇಶಕ್ಕೆ ಹಾಗೆ ಕಾಯುವ ಸ್ಥಿತಿ ಬಡವಳಿಗೆ ಬರಬಾರದು.

ನಗದೋ ಧಾನ್ಯವೋ ಎಂಬ ಹಳೆಯ ಜಗಳಕ್ಕೂ ನಮ್ಮಲ್ಲೇ ಒಂದು ಪರೀಕ್ಷೆ ನಡೆದುಹೋಯಿತು. ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಗೆ ದಾಸ್ತಾನು ಸಿಗದೆ, 2023ರ ಜುಲೈಯಿಂದ ಸರಕಾರ ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ಕೊಟ್ಟಿತು. 2025ರ ಫೆಬ್ರುವರಿಯಿಂದ ಹಣದ ಬದಲು ಮತ್ತೆ ಅಕ್ಕಿ. ನಾನು ಕೇಳಿದವರ ಉತ್ತರ ಒಂದೇ ಬಗೆಯದಾಗಿರಲಿಲ್ಲ. ಜೋಳದ ರೊಟ್ಟಿ ತಿನ್ನುವ ನಮ್ಮ ಕಡೆಯವರಿಗೆ ಹಣವಾದರೆ ಜೋಳ ಕೊಳ್ಳುವ ಅನುಕೂಲವಿತ್ತು. ಅದೇ ಹೊತ್ತಿಗೆ ಅಂಗಡಿಯ ಅಕ್ಕಿಯ ಬೆಲೆ 34ರಲ್ಲಿ ನಿಲ್ಲಲಿಲ್ಲ. ಬೆಲೆ ಏರಿದರೂ ಅಕ್ಕಿ ಐದು ಕಿಲೋ ಆಗಿಯೇ ಇರುತ್ತದೆ, ಹಣ ಮಾತ್ರ ಕರಗುತ್ತದೆ. ಅರ್ಥಶಾಸ್ತ್ರಜ್ಞರು ಗ್ರಂಥಗಟ್ಟಲೆ ಬರೆಯುವ ಈ ಸಂಗತಿಯನ್ನು ಒಬ್ಬ ಮುದುಕಿ ಹೀಗೆ ಮುಗಿಸಿದಳು: "ರೊಕ್ಕ ಮಗ ಕೇಳ್ತಾನ್ರಿ, ಅಕ್ಕಿ ಕೇಳಂಗಿಲ್ಲ." ಗುಳೆ ಹೋಗುವವರ ಎಣಿಕೆ ಬೇರೆ. ತಾಂಡಾಗಳಿಂದ ಮಲೆನಾಡಿನ ಕಾಫಿ ತೋಟಕ್ಕೋ ಮಂಡ್ಯದ ಕಡೆ ಕಬ್ಬು ಕಡಿಯಲಿಕ್ಕೋ ಹೊರಟವರಿಗೆ, ಬ್ಯಾಂಕಿಗೆ ಬಿದ್ದ ಹಣ ಅವರ ಜೊತೆಗೇ ನಡೆಯುತ್ತದೆ.

ಈಗ ಎಲ್ಲರ ಬಾಯಲ್ಲೂ ಇರುವ ಆಕ್ಷೇಪ: ಪುಕ್ಕಟೆ ಸಿಕ್ಕರೆ ಯಾರು ದುಡಿದಾರು? ಹೊಲದ ಮಾಲೀಕರು ಇದನ್ನು ಬಹಳ ನೋವಿನಿಂದ ಹೇಳುತ್ತಾರೆ, ಶೇಂಗಾ ಕೀಳಲು ಆಳು ಸಿಗುವುದಿಲ್ಲ ಎನ್ನುತ್ತಾರೆ. ಅವರ ಕಷ್ಟ ಸುಳ್ಳಲ್ಲ. ಆದರೆ ಆಳು ಸಿಗದಿರುವುದಕ್ಕೂ ಆಳು ಕಡಿಮೆ ಕೂಲಿಗೆ ಸಿಗದಿರುವುದಕ್ಕೂ ವ್ಯತ್ಯಾಸವಿದೆ. ಸೇವಾ ಸಂಸ್ಥೆಯವರು 2011-12ರ ಸುಮಾರಿಗೆ ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ ಪ್ರತಿ ವಯಸ್ಕರಿಗೆ ತಿಂಗಳಿಗೆ 200, ಮಕ್ಕಳಿಗೆ 100, ವರ್ಷದ ಬಳಿಕ 300 ಮತ್ತು 150 ರೂಪಾಯಿ ಕೊಟ್ಟು ನೋಡಿದರು. ಕುಡಿತ ಹೆಚ್ಚಲಿಲ್ಲ, ಕೆಲಸ ಕಡಿಮೆಯಾಗಲಿಲ್ಲ. ಕೂಲಿಗೆ ಹೋಗುತ್ತಿದ್ದ ಹಲವರು ತಮ್ಮದೇ ಹೊಲದಲ್ಲಿ ದುಡಿಯತೊಡಗಿದರು, ಸಾಲ ತಗ್ಗಿತು, ದನ-ಕುರಿ ಹೆಚ್ಚಿದವು. ಫಿನ್‌ಲ್ಯಾಂಡಿನಲ್ಲಿ 2017 ಮತ್ತು 2018ರಲ್ಲಿ ಎರಡು ಸಾವಿರ ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೊ ಕೊಟ್ಟಾಗಲೂ ಅವರು ಸೋಮಾರಿಗಳಾಗಲಿಲ್ಲ, ದೊಡ್ಡ ಪ್ರಮಾಣದಲ್ಲಿ ಉದ್ಯೋಗಸ್ಥರೂ ಆಗಲಿಲ್ಲ, ಮನಸ್ಸು ಮಾತ್ರ ಹಗುರವಾಯಿತು. ಇವೆಲ್ಲ ಕೊನೆಯ ದಿನಾಂಕವಿದ್ದ ಪ್ರಯೋಗಗಳು. ಬದುಕಿಡೀ ಕೊಟ್ಟರೆ ಏನಾದೀತೆಂಬುದಕ್ಕೆ ಅವು ಪೂರ್ತಿ ಸಾಕ್ಷಿಯಾಗಲಾರವು.

ಕಾಯಕದ ಪ್ರಶ್ನೆ ಇಷ್ಟಕ್ಕೆ ತೀರುವುದಿಲ್ಲ, ತೀರಬಾರದು ಕೂಡ. ಕೊಟ್ಟೂರು-ಉಜ್ಜಿನಿಗಳ ಈ ಶರಣಸೀಮೆಯಲ್ಲಿ ಕಾಯಕವೆಂಬ ಮಾತಿಗೆ ಸಂಬಳದ ಕೆಲಸ ಎಂಬುದಕ್ಕಿಂತ ಹಿರಿದಾದ ಅರ್ಥವಿದೆ, ಅದರ ಬೆನ್ನಿಗೇ ದಾಸೋಹವೂ ಇದೆ. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ, ಅದು ನಮ್ಮದಲ್ಲ, ಎಲ್ಲಿಂದ ತಂದೆಯೋ ಅಲ್ಲೇ ಚೆಲ್ಲಿ ಬಾ ಎಂದು ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳಿಸಿದಳಂತೆ. ಇಸ್ರಯೇಲರು ಮರುಭೂಮಿಯಲ್ಲಿ ಮನ್ನಾ ಕೂಡಿಸಿಕೊಂಡ ವಿಮೋಚನಾಕಾಂಡದ ಪ್ರಸಂಗವನ್ನು ಓದುವಾಗ ನನಗೆ ಲಕ್ಕಮ್ಮನೇ ನೆನಪಾಗುತ್ತಾಳೆ. ಅಲ್ಲಿಯೂ ಹೆಚ್ಚು ಬಾಚಿದವನಿಗೆ ಮಿಗಲಿಲ್ಲ, ಕಡಿಮೆ ಆಯ್ದವನಿಗೆ ಕೊರೆಯಾಗಲಿಲ್ಲ. ಮನ್ನಾ ಎಲ್ಲರಿಗೂ ಬಿತ್ತು, ಆದರೆ ಬೆಳಗ್ಗೆ ಎದ್ದು ಹೋಗಿ ಆಯ್ದುಕೊಳ್ಳಬೇಕಿತ್ತು. ಕೊಡುಗೆಯೂ ಕಾಯಕವೂ ಅಲ್ಲಿ ಒಂದನ್ನೊಂದು ಕೊಲ್ಲಲಿಲ್ಲ.

ದ್ರಾಕ್ಷಿತೋಟದ ಆಳುಗಳ ಸಾಮತಿಯನ್ನು ನಾನು ಎಷ್ಟು ಸಲ ಬೋಧಿಸಿದ್ದೇನೋ ಲೆಕ್ಕವಿಲ್ಲ. ಬೆಳಗ್ಗೆ ಬಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಒಂದೇ ದಿನಗೂಲಿ. ಅದನ್ನು ದೇವರ ಔದಾರ್ಯದ ಕಥೆಯೆಂದಷ್ಟೇ ಹೇಳಿ ಮುಗಿಸುತ್ತಿದ್ದೆ. ಸಂಜೆಯವರೆಗೂ ಪೇಟೆಬೀದಿಯಲ್ಲಿ ನಿಂತವರು ಯಜಮಾನನಿಗೆ ಕೊಟ್ಟ ಉತ್ತರವನ್ನು ಗಮನಿಸಿರಲಿಲ್ಲ. ತಾವು ಸೋಮಾರಿಗಳೆಂದು ಅವರು ಹೇಳಲಿಲ್ಲ, ಯಾರೂ ಕೆಲಸಕ್ಕೆ ಕರೆಯಲಿಲ್ಲ ಎಂದರು. ಹರಪನಹಳ್ಳಿಯಲ್ಲೋ ಹಗರಿಬೊಮ್ಮನಹಳ್ಳಿಯಲ್ಲೋ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಕೂಲಿಗೆ ಕಾದು ನಿಲ್ಲುವವರನ್ನು ನೋಡಿದವರಿಗೆ ಆ ಉತ್ತರ ಅರ್ಥವಾದೀತು. ಯಜಮಾನ ಕೊಟ್ಟದ್ದು ಕೆಲಸದ ಗಂಟೆಗಳಿಗೆ ಬೆಲೆಯಲ್ಲ, ಒಂದು ಮನೆ ಒಂದು ದಿನ ಬದುಕಲು ಬೇಕಾದ ಮೊತ್ತ. ಹಾಗೆಂದು ಅದು ಮೂಲ ಆದಾಯದ ಸಾಮತಿಯೂ ಅಲ್ಲ. ಯಜಮಾನ ಹಣವನ್ನು ಮನೆಗೆ ಕಳಿಸಲಿಲ್ಲ, ಐದು ಗಂಟೆಗೂ ಬಂದು ತೋಟಕ್ಕೆ ಕರೆದ.

ನಮ್ಮ ಧರ್ಮಸಭೆಯೊಳಗೂ ಈ ಎಳೆದಾಟ ಇದೆ. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ, ಬಡವರಿಗೆ ಹಣ ಕೊಡುವುದು ತಾತ್ಕಾಲಿಕ ಉಪಾಯವಾಗಿರಬೇಕು, ದುಡಿಮೆಯ ಮೂಲಕ ಘನತೆಯ ಬದುಕು ದೊರಕಿಸುವುದೇ ಗುರಿಯಾಗಬೇಕು ಎಂಬ ಭಾವದಲ್ಲಿ ಬರೆದರು. 2020ರ ಏಪ್ರಿಲ್ 12ರಂದು, ಪಾಸ್ಕ ಹಬ್ಬದ ದಿನ, ಜನಚಳವಳಿಗಳಿಗೆ ಬರೆದ ಪತ್ರದಲ್ಲಿ ಸಾರ್ವತ್ರಿಕ ಮೂಲ ವೇತನವನ್ನು ಪರಿಗಣಿಸುವ ಕಾಲ ಬಂದಿರಬಹುದು ಎಂದೂ ಅವರೇ ಹೇಳಿದರು. ಬೀದಿ ವ್ಯಾಪಾರಿಗಳು, ಹೊಲಗೂಲಿಗಳು, ಮನೆಯಲ್ಲಿ ವೃದ್ಧರನ್ನೂ ಮಕ್ಕಳನ್ನೂ ನೋಡಿಕೊಳ್ಳುವವರು ಅವರ ಕಣ್ಣಮುಂದಿದ್ದರು. ನಾನು ಪಟ್ಟಿ ಬರೆಯುತ್ತಿದ್ದ ತಿಂಗಳೇ ಅದು. ಕೆಲವರಿಗೆ ಇದು ಮಾತಿನ ಬದಲಾವಣೆಯಂತೆ ಕಂಡಿತು. ನನಗೆ ಹಾಗೆ ಕಾಣುವುದಿಲ್ಲ. ದುಡಿಮೆಯೇ ಘನತೆ ಎಂದು ನಂಬುವವನು, ದುಡಿದೂ ಸಂಬಳ ಕಾಣದವರ ದುಡಿಮೆಯನ್ನು ಮೊದಲು ಗುರುತಿಸಬೇಕು. ನಸುಕಿನಲ್ಲಿ ಎದ್ದು ನೀರು ಹೊತ್ತು, ರೊಟ್ಟಿ ಬಡಿದು, ಹಾಸಿಗೆ ಹಿಡಿದ ಮಾವನನ್ನು ಶುಚಿಗೊಳಿಸಿ, ಆಮೇಲೆ ಕೂಲಿಗೆ ಹೊರಡುವ ಹೆಂಗಸಿಗೆ 2,000 ರೂಪಾಯಿ ಪುಕ್ಕಟೆ ಎಂದು ನಾನು ಪೀಠದ ಮೇಲಿಂದ ನುಡಿದೆನಲ್ಲ, ಅದು ಲೆಕ್ಕದಲ್ಲೇ ತಪ್ಪು.

ಇಷ್ಟೆಲ್ಲ ಹೇಳಿದ ಮೇಲೂ ಸಾರ್ವತ್ರಿಕ ಮೂಲ ಆದಾಯಕ್ಕೆ ನಾನು ಇಡಿಯಾಗಿ ಕೈಯೆತ್ತಲಾರೆ. ಕಾರಣ ಹಣದ್ದು ಮಾತ್ರವಲ್ಲ, ಆದರೆ ಹಣದಿಂದಲೇ ತೊಡಗುವೆ. 2011ರ ಜನಗಣತಿಯಂತೆ ನಮ್ಮ ರಾಜ್ಯದ ಜನಸಂಖ್ಯೆ 6.11 ಕೋಟಿ. ತಲಾ ತಿಂಗಳಿಗೆ ಒಂದು ಸಾವಿರವೆಂದರೂ ವರ್ಷಕ್ಕೆ 73 ಸಾವಿರ ಕೋಟಿ ದಾಟುತ್ತದೆ. 2025-26ರ ರಾಜ್ಯ ಮುಂಗಡಪತ್ರದ ಗಾತ್ರ 4,09,549 ಕೋಟಿ. ಆರರಲ್ಲಿ ಒಂದು ಪಾಲಿಗೂ ಹೆಚ್ಚು. ಐದೂ ಗ್ಯಾರಂಟಿಗಳಿಗೆ ಅದೇ ವರ್ಷ ತೆಗೆದಿಟ್ಟದ್ದು ಸುಮಾರು 51 ಸಾವಿರ ಕೋಟಿ. ಅಸಾಧ್ಯವೇನಲ್ಲ, ಆದರೆ ಎಲ್ಲಿಂದ ಕಿತ್ತು ಇಲ್ಲಿಗೆ ನೆಡುತ್ತೇವೆ ಎಂಬುದೇ ಪ್ರಶ್ನೆ. ಗ್ಯಾರಂಟಿಗಳ ವಿಷಯದಲ್ಲಿ ಉತ್ತರವನ್ನು ಕಂಡಿದ್ದೇವೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಅಭಿವೃದ್ಧಿಗೆಂದು 2013ರ ಕಾಯಿದೆಯಂತೆ ಮೀಸಲಿಟ್ಟ ಉಪಯೋಜನೆಯ ನಿಧಿಯಿಂದ 2024-25ರಲ್ಲಿ 14 ಸಾವಿರ ಕೋಟಿಗೂ ಹೆಚ್ಚು ಹಣವನ್ನು ಗ್ಯಾರಂಟಿಗಳಿಗೆ ಲೆಕ್ಕ ತೋರಿಸಲಾಯಿತು. ಆ ಸಮುದಾಯಗಳ ಮಹಿಳೆಯರಿಗೂ ಗ್ಯಾರಂಟಿ ಸಿಗುತ್ತದಲ್ಲ ಎಂಬುದು ಸಮರ್ಥನೆ. ಎಲ್ಲರಿಗೂ ಸಿಗುವುದನ್ನು ಇವರಿಗೆ ಕೊಡಲು ಇವರದೇ ಗಂಟು ಬಿಚ್ಚಬೇಕೇ? ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ, ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳು. ಆ ನಿಧಿಯಲ್ಲಿ ಕಟ್ಟಬೇಕಿದ್ದ ವಿದ್ಯಾರ್ಥಿನಿಲಯ, ಕೊಡಬೇಕಿದ್ದ ಭೂಮಿ, ಕೊರೆಯಬೇಕಿದ್ದ ಕೊಳವೆಬಾವಿ ಇವೆಲ್ಲ 2,000 ರೂಪಾಯಿಯೊಳಗೆ ಕರಗಿಹೋದರೆ ಅದು ಸಾರ್ವತ್ರಿಕತೆಯ ಹೆಸರಿನಲ್ಲಿ ನಡೆದ ಅನ್ಯಾಯ.

ಇದೇ ನನ್ನ ಮುಖ್ಯ ತಕರಾರು. ಹಣದಿಂದ ಕೊಳ್ಳಬಹುದಾದ್ದು ಊರಿನಲ್ಲಿ ಇದ್ದರೆ ತಾನೇ ಹಣಕ್ಕೆ ಬೆಲೆ? ಪ್ರಾದೇಶಿಕ ಅಸಮತೋಲನದ ಕುರಿತು 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ, ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ಕೂಡ್ಲಿಗಿ, ಹರಪನಹಳ್ಳಿಗಳು ಆ 39ರೊಳಗಿವೆ. ಆ ಸಮಿತಿ ಎಣಿಸಿದ್ದು ಆಸ್ಪತ್ರೆ, ಶಾಲೆ, ರಸ್ತೆ, ನೀರಾವರಿ, ಬ್ಯಾಂಕುಗಳನ್ನು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಎಂದು ಜಿಲ್ಲೆಯಿಂದ ಜಿಲ್ಲೆಗೆ ಅಲೆದಾಡಿತು. ಜಿಲ್ಲೆ ಬದಲಾದಾಗಲೆಲ್ಲ ಫಲಕಗಳು ಬದಲಾದವು. ಹೆರಿಗೆ ತೊಡಕಾದರೆ ದಾವಣಗೆರೆಗೇ ಓಡಬೇಕಾದ ಪಾಡು ಬಹಳ ಮನೆಗಳಿಗೆ ಹಾಗೆಯೇ ಉಳಿಯಿತು. ಅಲ್ಲಿ ಖಾಸಗಿ ಆಸ್ಪತ್ರೆಯ ಒಂದು ರಾತ್ರಿಗೆ ವರ್ಷದ ಗೃಹಲಕ್ಷ್ಮಿ ಸಾಲದು. ಸರಕಾರಿ ಆಸ್ಪತ್ರೆಯಲ್ಲಿ ವೈದ್ಯರಿರುವುದೇ ನಮ್ಮ ಬಡವರಿಗೆ ನಿಜವಾದ ಮೂಲ ಆದಾಯ.

ಕೆಲಸದ ಹಕ್ಕಿನ ಮಾತೂ ಹೀಗೆಯೇ. 2005ರ ಉದ್ಯೋಗ ಖಾತರಿ ಕಾಯಿದೆ ಈ ಸೀಮೆಯ ಗುಳೆಯನ್ನು ಪೂರ್ತಿ ನಿಲ್ಲಿಸದಿದ್ದರೂ, ಮನೆಯ ಹಿರಿಯರಿಗೆ ಊರಲ್ಲೇ ನಿಲ್ಲುವ ಒಂದು ದಾರಿ ಕೊಟ್ಟಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಸ್ಥಾನಕ್ಕೆ ಹೊಸ ಕಾಯಿದೆ ತಂದಿದೆ. 100 ದಿನಗಳು 125 ಆದವು, ಜೊತೆಗೆ ವೆಚ್ಚದ ಶೇಕಡ 40ರ ಹೊರೆ ರಾಜ್ಯದ ಹೆಗಲಿಗೆ ಬಂತು. ಗ್ಯಾರಂಟಿಗೂ ಕೂಲಿಗೂ ಒಂದೇ ಬೊಕ್ಕಸ. ಇಕ್ಕಟ್ಟು ಬಂದಾಗ ಯಾವುದನ್ನು ಮೊದಲು ತಡಮಾಡುತ್ತಾರೆಂಬುದನ್ನು ನಾವು ಕಾದು ನೋಡಬೇಕಾಗಿದೆ.

ನನ್ನ ನಿಲುವು ಇಷ್ಟು. ವೃದ್ಧಾಪ್ಯ, ವೈಧವ್ಯ, ಅಂಗವಿಕಲತೆಗಳ ಮಾಸಾಶನವನ್ನು ಸಾರ್ವತ್ರಿಕಗೊಳಿಸಿ, ಅರ್ಜಿ-ದಾಖಲೆಗಳ ಗೋಡೆಯನ್ನು ಕೆಡವಿ, ಮೊತ್ತವನ್ನು ಬೆಲೆಯೊಂದಿಗೆ ಏರಿಸಿ, ಗೊತ್ತಾದ ತಾರೀಖಿಗೆ ಕೊಡುವುದಾದರೆ ಅದು ಮೂಲ ಆದಾಯದ ಸರಿಯಾದ ಮೊದಲ ಮೆಟ್ಟಿಲು. ಗೃಹಲಕ್ಷ್ಮಿಯನ್ನು ಮನೆಗೆ ಒಂದರಿಂದ ಹೆಣ್ಣಿಗೆ ಒಂದಕ್ಕೆ ಒಯ್ಯುವುದಾದರೆ ಎರಡನೆಯದು. ಅಕ್ಕಿಯನ್ನೋ ಆಸ್ಪತ್ರೆಯನ್ನೋ ಹಾಸ್ಟೆಲನ್ನೋ ಮಾರಿ ತಂದ ಹಣದಲ್ಲಿ ಇದನ್ನು ಮಾಡುವುದಾದರೆ ಆರ್ಥಿಕ ಸಮೀಕ್ಷೆಯ ಗದ್ಯ ಎಷ್ಟೇ ಸೊಗಸಾಗಿರಲಿ, ನನ್ನ ಒಪ್ಪಿಗೆಯಿಲ್ಲ.

2020ರ ಆ ನೋಟುಪುಸ್ತಕ ಇನ್ನೂ ನನ್ನ ಕಪಾಟಿನಲ್ಲಿದೆ. ಕಳೆದ ವರ್ಷ ಕ್ರಿಸ್ಮಸ್ ಸಮಯದಲ್ಲಿ ಕಂಬಳಿ ಹಂಚಲು ಕೆಲವು ಯುವಕರು ಪಟ್ಟಿ ಮಾಡಲು ಹೊರಟಾಗ, ಹಳೆಯದೊಂದು ಇದೆಯಂತಲ್ಲ ಫಾದರ್, ಅದನ್ನೇ ಕೊಡಿ ಎಂದರು. ಕೊಡಲಿಲ್ಲ. ಆ ಕೇರಿಯಲ್ಲಿ ಎಷ್ಟು ಮನೆಗಳಿವೆಯೋ ಎಣಿಸಿಕೊಂಡು ಬನ್ನಿ ಎಂದೆ. ಎಪ್ಪತ್ನಾಲ್ಕು ಇದ್ದವು. ನಮ್ಮಲ್ಲಿದ್ದ ಕಂಬಳಿ ಐವತ್ತು. ಉಳಿದ ಇಪ್ಪತ್ನಾಲ್ಕಕ್ಕೆ ಹಣ ಕೂಡಿಸಲು ಹಬ್ಬ ಕಳೆದು ಮೂರು ವಾರ ಹಿಡಿಯಿತು, ಚಳಿಯೂ ಅಷ್ಟರಲ್ಲಿ ಇಳಿಯತೊಡಗಿತ್ತು.